ಅರಿವಳಿಕೆಯ ಮದ್ದೂ ಗಣಿಗಾರನ ಶ್ವಾಸಕೋಶವೂ

ಅರ್ಬುದಕ್ಕೆ, ಎಂದರೆ ಈಗ ಎಲ್ಲರೂ ಕ್ಯಾನ್ಸರ್ ಎಂದು ಕರೆಯುವ ಬೇನೆಗೆ, ಶಸ್ತ್ರಚಿಕಿತ್ಸೆಯಾಗಬೇಕೆಂದು ವೈದ್ಯರು ತಿಳಿಸಿದೊಡನೆ ಮನೆಯವರು ಕೇಳುವ ಮೊದಲ ಪ್ರಶ್ನೆ ಅನೇಕ ವೇಳೆ ಗಂತಿಯನ್ನು ಕುರಿತದ್ದಾಗಿರುವುದಿಲ್ಲ. “ನಮ್ಮ ತಂದೆಯವರ ಎದೆ ಮೂರ್ಛೆಮದ್ದನ್ನು ತಡೆದೀತೆ, ಡಾಕ್ಟರೇ?” ಎಂಬುದೇ ಆ ಪ್ರಶ್ನೆ. ಬೇತಮಂಗಲ, ರಾಬರ್ಟ್‌ಸನ್ ಪೇಟೆ, ಚಾಂಪಿಯನ್ ರೀಫ್ ಮೊದಲಾದ ಕಡೆಗಳ ಸಂಸಾರಗಳಲ್ಲಿ ಈ ಪ್ರಶ್ನೆಗೆ ಬೇರೆಡೆಗಿಂತ ಹೆಚ್ಚಿನ ಅರ್ಥ ಉಂಟು. ಇತ್ತೀಚೆಗೆ ಇದರ ಜೊತೆಗೆ ಎರಡನೆಯದೊಂದು ಭೀತಿಯೂ ಸೇರಿಕೊಂಡಿದೆ: ಮೂರ್ಛೆಯ ಅನಿಲವು ಅರ್ಬುದವನ್ನು ಮೈಯೆಲ್ಲ ಹರಡಿಸುತ್ತದೆಯಂತೆ ಎಂಬ ಸುದ್ದಿ. ಇವೆರಡರಿಂದಲೂ ಶಸ್ತ್ರಚಿಕಿತ್ಸೆಯನ್ನು ತಿಂಗಳುಗಟ್ಟಲೆ ಮುಂದಕ್ಕೆ ಹಾಕುವವರಿದ್ದಾರೆ. ಗಂತಿಯು ಅವರಿಗಾಗಿ ಕಾದು ಕುಳಿತಿರುವುದಿಲ್ಲ. ನಾವು ವೈದ್ಯರಲ್ಲ, ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪಾಠ ಹೇಳತಕ್ಕವರು. ಆದಾಗ್ಯೂ ಈ ಮದ್ದುಗಳು ನಮ್ಮ ಶಾಸ್ತ್ರದಲ್ಲಿ ಹುಟ್ಟಿದವಾದುದರಿಂದ, ಅವು ಎದೆಗೆ ಏನು ಮಾಡುತ್ತವೆ, ಏನು ಮಾಡುವುದಿಲ್ಲ ಎಂಬುದನ್ನು ವೈದ್ಯರ ಬರಹಗಳ ಆಧಾರದಿಂದ ವಿವರಿಸಲು ಯತ್ನಿಸುವೆವು.

ಮೊದಲು ಆ ಪ್ರಾಂತದ ಎದೆಗಳ ಮಾತು. ಪಾಲಾರ್ ಹೊಳೆಗೆ ಅಡ್ಡಲಾಗಿ ಕಟ್ಟಿದ ಬೇತಮಂಗಲದ ಕೆರೆಯಿಂದ ಚಿನ್ನದ ಗಣಿಯ ಊರುಗಳಿಗೆ ಬಹುಕಾಲ ನೀರು ಹೋಗುತ್ತಿತ್ತು. ಸುತ್ತಣ ಊರುಗಳಿಂದ ಆಳುಗಳೂ ಹೋಗುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ 2001ನೆಯ ಇಸವಿ ಫೆಬ್ರವರಿ 28ರಂದು ಮುಚ್ಚುವ ವರೆಗೆ ನಡೆದ ಆ ಗಣಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದುವು. ಚಿನ್ನವು ಅಲ್ಲಿ ಬೆಣಚುಕಲ್ಲಿನ ಎಳೆಗಳಲ್ಲಿ ಅಡಗಿತ್ತು. ಬೆಣಚುಕಲ್ಲೆಂದರೆ ಸಿಲಿಕಾ. ಅದನ್ನು ಕೊರೆದು ಸಿಡಿಸುವಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವ ಕಣಗಳಿಂದ ಅಷ್ಟು ಅಪಾಯವಿಲ್ಲ. ಅವು ಮೂಗಿನಲ್ಲಿಯೂ ಗಂಟಲಿನಲ್ಲಿಯೂ ನಿಂತುಹೋಗುತ್ತವೆ. ಒಂದಂಗುಲದ ಐದು ಸಾವಿರದಲ್ಲೊಂದು ಪಾಲಿಗಿಂತ ಚಿಕ್ಕದಾದ ಕಣಗಳೇ ಶ್ವಾಸಕೋಶದ ಕಟ್ಟಕಡೆಯ ವಾಯುಕೋಶಗಳಿಗೆ ತಲಪತಕ್ಕವು. ಅಲ್ಲಿ ಕಾವಲಿರುವ ಭಕ್ಷಕ ಕಣಗಳು ಅವನ್ನು ನುಂಗುತ್ತವೆ, ಜೀರ್ಣಿಸಿಕೊಳ್ಳಲಾರದೆ ಸಾಯುತ್ತವೆ, ಸಾಯುವಾಗ ಉರಿಯೂತವನ್ನೆಬ್ಬಿಸುವ ದ್ರವ್ಯಗಳನ್ನು ಚೆಲ್ಲುತ್ತವೆ. ಹೊರಬಿದ್ದ ಅದೇ ಕಲ್ಲಿನ ಕಣವನ್ನು ಇನ್ನೊಂದು ಭಕ್ಷಕವು ನುಂಗುತ್ತದೆ. ಹೀಗೆ ಗಣಿಯನ್ನು ಬಿಟ್ಟು ವರ್ಷಗಳಾದ ಮೇಲೂ ಕೆಲಸ ನಡೆಯುತ್ತಲೇ ಇದ್ದು, ಮೃದುವಾದ ಸ್ಪಂಜಿನಂತಿದ್ದ ಶ್ವಾಸಕೋಶದಲ್ಲಿ ಗಟ್ಟಿಯಾದ ನಾರಿನ ಗಂಟುಗಳು ಬೆಳೆಯುತ್ತವೆ. ಇದೇ ಸಿಲಿಕೋಸಿಸ್. 1940ರಿಂದ 1946ರ ವರೆಗೆ ಕೋಲಾರದ ಗಣಿಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿದಾಗ ಐವರಲ್ಲಿ ಇಬ್ಬರಿಗಿಂತ ಹೆಚ್ಚಿನವರಲ್ಲಿ ಈ ರೋಗವು ಕಂಡುಬಂದಿತು. ಇದರೊಡನೆ ಕ್ಷಯವು ಸುಲಭವಾಗಿ ಸೇರಿಕೊಳ್ಳುತ್ತದೆ. ಸಾಲದೆಂಬಂತೆ, ಅರ್ಬುದ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆಯು 1997ರಲ್ಲಿ ಈ ಧೂಳನ್ನೇ ಮನುಷ್ಯರಲ್ಲಿ ಅರ್ಬುದವನ್ನುಂಟುಮಾಡುವ ದ್ರವ್ಯಗಳ ಮೊದಲ ಪಂಕ್ತಿಗೆ ಸೇರಿಸಿತು.

ಗಣಿ ಮುಚ್ಚಿದಾಗ ಮೂವತ್ತು ವರ್ಷದವರಾಗಿದ್ದವರಿಗೆ ಈಗ ಐವತ್ತು ಕಳೆದಿದೆ. ಅರ್ಬುದವು ಸಾಮಾನ್ಯವಾಗಿ ಬರತಕ್ಕ ವಯಸ್ಸೂ ಅದೇ. ಬಾಯಿ, ಅನ್ನನಾಳ, ಜಠರ, ಶ್ವಾಸಕೋಶ, ಇವುಗಳಲ್ಲಿ ಯಾವುದಕ್ಕೆ ಗಂತಿ ಬಂದರೂ ಆ ಮನುಷ್ಯನು ಕೋಲಾರಕ್ಕೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೋಗಿ ಮೇಜಿನ ಮೇಲೆ ಮಲಗುವಾಗ, ಗಂತಿಯೊಡನೆ ಗಣಿಯ ಧೂಳನ್ನೂ ಎದೆಯಲ್ಲಿ ಹೊತ್ತೇ ಮಲಗುತ್ತಾನೆ. ಅವನ ಮನೆಯವರ ಪ್ರಶ್ನೆಯು ಅವಿವೇಕದ್ದೆಂದು ಯಾರೂ ಹೇಳಲಾರರು.

ಇನ್ನು ಮೇಜಿನ ಮೇಲೆ ಏನಾಗುತ್ತದೆಂಬುದನ್ನು ನೋಡೋಣ. ನಾವು ಉಸಿರನ್ನು ಸಹಜವಾಗಿ ಬಿಟ್ಟ ಮೇಲೂ ಎದೆಯಲ್ಲಿ ಸ್ವಲ್ಪ ಗಾಳಿ ಉಳಿದಿರುತ್ತದೆ. ನಿಂತಿರುವ ವಯಸ್ಕನಲ್ಲಿ ಅದು ಸುಮಾರು ಮೂರು ಲೀಟರು. ವಾಯುಕೋಶಗಳು ಮುಚ್ಚಿಹೋಗದಂತೆ ಹಿಡಿದಿರುವುದು ಈ ಉಳಿತಾಯವೇ. ಮನುಷ್ಯನು ಅಂಗಾತನಾಗಿ ಮಲಗಿದೊಡನೆ ಹೊಟ್ಟೆಯೊಳಗಣ ಅಂಗಗಳು ವಪೆಯನ್ನು ಮೇಲಕ್ಕೆ ತಳ್ಳುವುದರಿಂದ ಅದರಲ್ಲಿ ಮುಕ್ಕಾಲು ಲೀಟರಿನಷ್ಟು ಕಡಮೆಯಾಗುತ್ತದೆ. ಅರಿವಳಿಕೆ ಕೊಟ್ಟು ಸ್ನಾಯುಗಳು ಸಡಿಲಿದಾಗ ಇನ್ನೂ ಅರ್ಧ ಲೀಟರಿನಷ್ಟು ಹೋಗುತ್ತದೆ. ಆಗ ಬೆನ್ನಿನ ಕಡೆಯ ವಾಯುಕೋಶಗಳು ಒದ್ದೆಯ ಕಾಗದದ ಚೀಲಗಳಂತೆ ಮಡಿಸಿಕೊಂಡುಬಿಡುತ್ತವೆ. 1980ರ ದಶಕದಲ್ಲಿ ಸ್ವೀಡನ್ ದೇಶದ ವೈದ್ಯರು ಅರಿವಳಿಕೆಯಲ್ಲಿದ್ದವರ ಎದೆಯನ್ನು ಕ್ಷ-ಕಿರಣಗಳಿಂದ ಹೋಳುಹೋಳಾಗಿ ಚಿತ್ರಿಸಿ ನೋಡಿದಾಗ, ಇಂಥ ಮುಚ್ಚಿಹೋದ ಪ್ರದೇಶಗಳು ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಇರುವುವೆಂದು ತಿಳಿಯಿತು. ಆರೋಗ್ಯವಂತರಲ್ಲಿಯೂ ಹೀಗೆಯೇ! ಅವರಿಗೆ ಇದರಿಂದ ಹೆಚ್ಚಿನ ಬಾಧೆಯಿಲ್ಲ. ಎದ್ದು ಓಡಾಡಿದರೆ ತೆರೆದುಕೊಳ್ಳುತ್ತದೆ. ಮೊದಲೇ ನಾರುಗಟ್ಟಿದ ಎದೆಗೆ ಅಷ್ಟು ಸಡಿಲವಿಲ್ಲ.

ಇಲ್ಲಿಯೇ ಮದ್ದುಗಳ ಒಂದು ಮುಖ್ಯ ಗುಣವನ್ನು ಹೇಳಬೇಕು. ಜಾಣನಾದ ನೀರುಗಂಟಿಯು ಕೆರೆಯ ಕೆಳಗೆ ಪೈರಿಲ್ಲದ ಗದ್ದೆಯ ಕಾಲುವೆಯನ್ನು ಕಟ್ಟಿ, ಪೈರಿರುವ ಕಡೆಗೆ ನೀರನ್ನು ತಿರುಗಿಸುತ್ತಾನಷ್ಟೆ. ಶ್ವಾಸಕೋಶವೂ ಹಾಗೆಯೇ ಮಾಡುತ್ತದೆ. ಗಾಳಿ ಬಾರದ ಭಾಗದ ರಕ್ತನಾಳಗಳು ತಾವೇ ಕುಗ್ಗಿ, ರಕ್ತವು ಗಾಳಿಯಿರುವ ಭಾಗಕ್ಕೆ ಹರಿಯುವಂತಾಗುತ್ತದೆ. ಸ್ವೀಡನ್ನಿನ ಫಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ ಎಂಬವರು ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ 1946ರಲ್ಲಿ ಇದನ್ನು ಪ್ರಕಟಿಸಿದರು. ಈಥರಿನ ವಂಶಕ್ಕೆ ಸೇರಿದ ಈಗಿನ ಆವಿಮದ್ದುಗಳು, ಎಂದರೆ ಐಸೋಫ್ಲುರೇನ್, ಸೀವೋಫ್ಲುರೇನ್, ಡೆಸ್‌ಫ್ಲುರೇನ್, ಪ್ರಮಾಣ ಹೆಚ್ಚಿದಂತೆಲ್ಲ ಈ ನೀರುಗಂಟಿಯನ್ನು ತೂಕಡಿಸುವಂತೆ ಮಾಡುತ್ತವೆ. ರಕ್ತನಾಳದೊಳಕ್ಕೆ ಚುಚ್ಚಿ ಕೊಡುವ, ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್ ಎಂಬ ಮದ್ದಿಗೆ ಈ ದೋಷ ಕಡಮೆ. ಶ್ವಾಸಕೋಶದ ಅಥವಾ ಅನ್ನನಾಳದ ಗಂತಿಯನ್ನು ತೆಗೆಯುವಾಗ ಒಂದು ಕಡೆಯ ಶ್ವಾಸಕೋಶವನ್ನು ಬೇಕೆಂದೇ ಕುಗ್ಗಿಸಿ, ಇನ್ನೊಂದರಿಂದಲೇ ಗಂಟೆಗಟ್ಟಲೆ ಉಸಿರಾಡಿಸಬೇಕಾಗುತ್ತದೆ. ಅಂಥಲ್ಲಿ ಈ ವ್ಯತ್ಯಾಸಕ್ಕೆ ಬೆಲೆಯುಂಟು. ಆದರೆ ಇಷ್ಟರಿಂದಲೇ ಆವಿಮದ್ದು ಕೆಟ್ಟದ್ದು, ಚುಚ್ಚುಮದ್ದು ಒಳ್ಳೆಯದು ಎಂದು ತೀರ್ಮಾನಿಸುವವರು ಸ್ವಲ್ಪ ತಾಳಬೇಕು.

ಉರಿಯೂತದ ಲೆಕ್ಕವು ತಿರುವುಮುರುವಾಗಿದೆ. ಉರಿಯೂತವೆಂದರೆ ಕಾಲಿಗೆ ಮುಳ್ಳು ಚುಚ್ಚಿದಾಗ ಕಾಣುವ ಕೆಂಪು, ಬಿಸಿ, ಬಾವು, ನೋವು. ಗಾಯವನ್ನು ಕಾಯುವುದಕ್ಕೂ ಮಾಯಿಸುವುದಕ್ಕೂ ದೇಹವು ಕಳುಹಿಸುವ ಸೈನ್ಯವದು. ಅದಿಲ್ಲದಿದ್ದರೆ ಯಾವ ಹೊಲಿಗೆಯೂ ಕೂಡಿಕೊಳ್ಳದು. ಸೈನ್ಯವು ಮಿತಿಮೀರಿದರೆ ಮಾತ್ರ ಊರೇ ಲೂಟಿಯಾದೀತು. ದೊಡ್ಡ ಶಸ್ತ್ರಚಿಕಿತ್ಸೆಯೆಂಬುದು ದೇಹದ ದೃಷ್ಟಿಯಿಂದ ದೊಡ್ಡ ಗಾಯವೇ. ಕುಗ್ಗಿಸಿದ್ದ ಶ್ವಾಸಕೋಶವನ್ನು ಮತ್ತೆ ಅರಳಿಸಿದಾಗಲೂ, ಉಸಿರಾಡುತ್ತಿದ್ದ ಇನ್ನೊಂದನ್ನು ಯಂತ್ರವು ಅತಿಯಾಗಿ ಹಿಗ್ಗಿಸಿದಾಗಲೂ ಅಲ್ಲಿ ಉರಿಯೂತದ ದ್ರವ್ಯಗಳು ಏರುತ್ತವೆ. ಜ್ಯೂರಿಕ್ ನಗರದಲ್ಲಿ ಎದೆಯ ಶಸ್ತ್ರಚಿಕಿತ್ಸೆಗೊಳಗಾದ 54 ಮಂದಿಯಲ್ಲಿ ಕೆಲವರಿಗೆ ಸೀವೋಫ್ಲುರೇನನ್ನೂ ಕೆಲವರಿಗೆ ಪ್ರೊಪೊಫಾಲನ್ನೂ ಕೊಟ್ಟು ಶ್ವಾಸಕೋಶದ ದ್ರವವನ್ನು ಪರೀಕ್ಷಿಸಿದ ವರದಿಯು 2009ರಲ್ಲಿ ಬಂದಿತು. ಉರಿಯೂತದ ದ್ರವ್ಯಗಳು ಕಡಮೆಯಾಗಿದ್ದುದು ಆವಿಮದ್ದನ್ನು ತೆಗೆದುಕೊಂಡವರಲ್ಲಿ! ಶಸ್ತ್ರಚಿಕಿತ್ಸೆಯ ಅನಂತರದ ತೊಂದರೆಗಳೂ ಅವರಲ್ಲಿಯೇ ಕಡಮೆ. ಸೀವೋಫ್ಲುರೇನಿಗೆ ಶ್ವಾಸನಾಳಗಳನ್ನು ಅಗಲಿಸುವ ಗುಣವೂ ಉಂಟು. ಗೊರಗೊರ ಎನ್ನುವ ಎದೆಯವರಿಗೆ ಇದು ಉಪಕಾರವೇ. ಆದರೆ 2016ರಲ್ಲಿ ಸ್ವಿಟ್ಸರ್ಲೆಂಡಿನಿಂದಲೇ ಬಂದ, 460 ಮಂದಿಯನ್ನೊಳಗೊಂಡ ದೊಡ್ಡ ಪರೀಕ್ಷೆಯಲ್ಲಿ ಡೆಸ್‌ಫ್ಲುರೇನಿಗೂ ಪ್ರೊಪೊಫಾಲಿಗೂ ನಡುವೆ ದೊಡ್ಡ ತೊಡಕುಗಳ ವಿಷಯದಲ್ಲಿ ಗಣ್ಯವಾದ ವ್ಯತ್ಯಾಸವು ಕಾಣಲಿಲ್ಲ. ಆರು ತಿಂಗಳು ಕಾದು ನೋಡಿದರೂ ಕಾಣಲಿಲ್ಲ. ದ್ರವವನ್ನು ಅಳೆಯುವುದು ಬೇರೆ, ಮನುಷ್ಯನು ಮನೆಗೆ ಹೋಗಿ ನಡೆದಾಡುವುದು ಬೇರೆ.

ಮೂರ್ಛೆಮದ್ದಿನ ವಿಷಯದಲ್ಲಿ ಅವಸರದ ತೀರ್ಮಾನಗಳು ಹೊಸವೇನೂ ಅಲ್ಲ. ಕ್ಲೋರೋಫಾರಂ ಕೊಲ್ಲುವುದು ಹೃದಯವನ್ನು ನಿಲ್ಲಿಸಿಯೋ ಉಸಿರನ್ನು ನಿಲ್ಲಿಸಿಯೋ ಎಂಬ ವಾದವನ್ನು ಮುಗಿಸಲು ನಮ್ಮ ನೆರೆಯ ಹೈದರಾಬಾದ್ ಸಂಸ್ಥಾನವು 1888ರಲ್ಲಿಯೂ 1889ರಲ್ಲಿಯೂ ಎರಡು ಮಂಡಲಿಗಳನ್ನು ನೇಮಿಸಿತು. ನಿಜಾಮರ ಸರ್ಕಾರವೇ ವೆಚ್ಚವನ್ನು ಕೊಟ್ಟಿತು. ಲಂಡನ್ನಿನಿಂದ ಲಾಡರ್ ಬ್ರಂಟನ್ ಎಂಬ ಪ್ರಖ್ಯಾತ ವೈದ್ಯರು ಬಂದರು. ನೂರಾರು ನಾಯಿಗಳ ಮೇಲೆ ಪ್ರಯೋಗವಾಯಿತು. ಉಸಿರೊಂದನ್ನೇ ನೋಡಿಕೊಂಡರೆ ಸಾಕು, ಹೃದಯಕ್ಕೆ ಭಯವಿಲ್ಲವೆಂಬುದು ಅವರ ನಿರ್ಣಯ. ಉಸಿರನ್ನು ಕಾಯಬೇಕೆಂಬ ಅರ್ಧವು ಸರಿಯಾಗಿತ್ತು. ಇನ್ನರ್ಧವು ತಪ್ಪು, 1911ರಲ್ಲಿ ಲೆವಿ ಎಂಬ ವೈದ್ಯರು ಕ್ಲೋರೋಫಾರಂ ಹೃದಯದ ಬಡಿತವನ್ನೇ ಕೆಡಿಸಿ ಹಠಾತ್ತಾಗಿ ಕೊಲ್ಲಬಲ್ಲುದೆಂದು ತೋರಿಸಿಕೊಟ್ಟರು. ಒಂದು ಸಂಸ್ಥಾನವು ಇಂಥ ಪ್ರಶ್ನೆಗೆ ಹಣವನ್ನು ವ್ಯಯಮಾಡಿತೆಂಬುದು ಮಾತ್ರ ಸಂತೋಷದ ವಿಷಯವೇ.

ಈಗ ಎರಡನೆಯ ಭೀತಿಗೆ ಬರೋಣ. ಅನಿಲದಿಂದ ಅರ್ಬುದವು ಹರಡುವುದೆ? ಈ ಮಾತಿಗೆ ಬುಡವೇ ಇಲ್ಲವೆಂದಲ್ಲ. ಗಂತಿಯನ್ನು ಕತ್ತರಿಸುವಾಗ ಅದರ ಕೆಲವು ಕಣಗಳು ರಕ್ತಕ್ಕೆ ಬೀಳಬಹುದು. ಅವನ್ನು ಹುಡುಕಿ ಕೊಲ್ಲತಕ್ಕ ಪಹರೆಯ ಕಣಗಳು ನಮ್ಮ ರಕ್ತದಲ್ಲಿವೆ. ಗಾಯದ ಉದ್ವೇಗದಿಂದಲೂ ನೋವಿನಿಂದಲೂ ಆ ಪಹರೆಯು ಕೆಲವು ದಿನ ಮಂಕಾಗುತ್ತದೆ. ಗಾಜಿನ ತಟ್ಟೆಗಳಲ್ಲಿ ಬೆಳೆಸಿದ ಕಣಗಳ ಮೇಲೂ ಇಲಿಗಳ ಮೇಲೂ ನಡೆದ ಪ್ರಯೋಗಗಳಲ್ಲಿ ಆವಿಮದ್ದುಗಳು ಪಹರೆಯನ್ನು ಇನ್ನೂ ಸ್ವಲ್ಪ ಕುಗ್ಗಿಸುವಂತೆಯೂ, ಪ್ರೊಪೊಫಾಲ್ ಹಾಗೆ ಮಾಡದಂತೆಯೂ ಕಂಡುಬಂದಿತು. 2016ರಲ್ಲಿ ಲಂಡನ್ನಿನ ರಾಯಲ್ ಮಾರ್ಸ್‌ಡೆನ್ ಆಸ್ಪತ್ರೆಯವರು ಏಳು ಸಾವಿರದಷ್ಟು ರೋಗಿಗಳ ಹಳೆಯ ದಾಖಲೆಗಳನ್ನು ಹೋಲಿಸಿ, ಆವಿಮದ್ದನ್ನು ಪಡೆದವರಲ್ಲಿ ಮರಣವು ಹೆಚ್ಚೆಂದು ಬರೆದರು. ಸುದ್ದಿಯು ಹಬ್ಬಿದ್ದು ಇಲ್ಲಿಂದಲೇ.

ಆದರೆ ಹಳೆಯ ದಾಖಲೆಗಳಲ್ಲಿ ಒಂದು ತೊಡಕಿದೆ. ಯಾರಿಗೆ ಯಾವ ಮದ್ದೆಂಬುದನ್ನು ಅಲ್ಲಿ ನಿರ್ಧರಿಸಿದವರು ವೈದ್ಯರು. ಅವರು ರೋಗಿಯ ಸ್ಥಿತಿಯನ್ನು ನೋಡಿಯೇ ನಿರ್ಧರಿಸಿರುತ್ತಾರೆ. ಆಗ ಮರಣದ ಹೊಣೆಯು ಮದ್ದಿನದೋ ಸ್ಥಿತಿಯದೋ ಎಂದು ಬಿಡಿಸುವುದು ಕಷ್ಟ, ಗಣಿತದಿಂದ ಎಷ್ಟೇ ಸರಿದೂಗಿಸಿದರೂ ಕಷ್ಟ. ಚೀಟಿಯೆತ್ತಿದಂತೆ ಮದ್ದನ್ನು ಹಂಚಿ ನೋಡುವುದೊಂದೇ ದಾರಿ. ಹಾಗೆ ಹಂಚಿ ನೋಡಿದ ದೊಡ್ಡ ಪರೀಕ್ಷೆಯ ಫಲವು 2019ರಲ್ಲಿ ಪ್ರಕಟವಾಯಿತು. ಸ್ತನದ ಅರ್ಬುದಕ್ಕೆ ಶಸ್ತ್ರಚಿಕಿತ್ಸೆಯಾದ 2,108 ಸ್ತ್ರೀಯರಲ್ಲಿ ಅರ್ಧದಷ್ಟು ಮಂದಿಗೆ ಬೆನ್ನೆಲುಬಿನ ಪಕ್ಕದ ನರಗಳನ್ನು ಮರಗಟ್ಟಿಸಿ ಪ್ರೊಪೊಫಾಲನ್ನೂ, ಉಳಿದವರಿಗೆ ಸೀವೋಫ್ಲುರೇನಿನೊಡನೆ ಅಫೀಮಿನ ಜಾತಿಯ ನೋವುಮದ್ದನ್ನೂ ಕೊಟ್ಟಿದ್ದರು. ರೋಗವು ಮರುಕಳಿಸಿದ್ದು ಎರಡು ಗುಂಪಿನಲ್ಲಿಯೂ ನೂರಕ್ಕೆ ಹತ್ತರಂತೆ. ಸ್ತನದ ಶಸ್ತ್ರಚಿಕಿತ್ಸೆಯ ಗಾಯವು ಹೊಟ್ಟೆ, ಎದೆಗಳದರಷ್ಟು ದೊಡ್ಡದಲ್ಲ. ಆದುದರಿಂದ ಈ ಉತ್ತರವನ್ನು ಎಲ್ಲ ಅರ್ಬುದಗಳಿಗೂ ನೇರವಾಗಿ ಅನ್ವಯಿಸುವುದು ಯುಕ್ತವಲ್ಲ. ಆದರೂ ಅನಿಲದ ಭಯದಿಂದ ಶಸ್ತ್ರಚಿಕಿತ್ಸೆಯನ್ನೇ ನಿರಾಕರಿಸುವವರಿಗೆ ಇಷ್ಟು ಹೇಳಬಹುದು: ಮದ್ದಿನ ಆಯ್ಕೆಯಿಂದ ಬರಬಹುದೆಂದು ಶಂಕಿಸುವ ಕೇಡು ಇನ್ನೂ ಸಿದ್ಧಪಟ್ಟಿಲ್ಲ; ಬೆಳೆಯುವ ಗಂತಿಯನ್ನು ಹಾಗೆಯೇ ಬಿಡುವುದರ ಕೇಡು ಸಿದ್ಧವಾದದ್ದು.

ಈ ವಿಷಯದಲ್ಲಿ ನಮ್ಮ ದೇಶದ್ದೇ ಆದ ಒಂದು ಶೋಧನೆಯನ್ನು ಬಿಡಲಾಗದು. ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದವರು ದೇಶದ ಇತರ ಆಸ್ಪತ್ರೆಗಳೊಡನೆ ಸೇರಿ ಸ್ತನದ ಅರ್ಬುದವಿದ್ದ 1,583 ಸ್ತ್ರೀಯರ ಮೇಲೆ ನಡೆಸಿದ ಪರೀಕ್ಷೆಯನ್ನು 2023ರಲ್ಲಿ ಪ್ರಕಟಿಸಿದರು. ಹಲ್ಲು ಕೀಳುವ ಮುನ್ನ ಚುಚ್ಚುವ ಲಿಗ್ನೊಕೇನ್ ಎಂಬ ಅಗ್ಗದ ಮದ್ದನ್ನೇ, ಕತ್ತಿ ತಾಗಿಸುವುದಕ್ಕೆ ಏಳರಿಂದ ಹತ್ತು ನಿಮಿಷ ಮುಂಚೆ ಗಂತಿಯ ಸುತ್ತಲೂ ಚುಚ್ಚಿದರು. ಚುಚ್ಚಿದವರಲ್ಲಿ ಐದು ವರ್ಷಗಳ ತರುವಾಯ ಬದುಕಿದ್ದವರು ನೂರಕ್ಕೆ 90.1, ಚುಚ್ಚದವರಲ್ಲಿ 86.4. ಒಂದೇ ಪರೀಕ್ಷೆ, ಒಂದೇ ಬಗೆಯ ಅರ್ಬುದ ಎಂಬುದನ್ನು ಮರೆಯದೆ ಹೇಳಬೇಕು. ಆದರೆ ಹೊಸ ಮದ್ದುಗಳಿಗೆ ಲಕ್ಷಾಂತರ ರೂಪಾಯಿ ಸುರಿಯುವ ಕಾಲದಲ್ಲಿ, 1943ರಲ್ಲಿ ಸ್ವೀಡನ್ನಿನ ಲೋಫ್‌ಗ್ರೆನ್ ಎಂಬ ರಸಾಯನಜ್ಞನು ತಯಾರಿಸಿದ ಹಳೆಯ ಮದ್ದೊಂದು ಇಂಥ ಕೆಲಸ ಮಾಡೀತೆಂದರೆ ನಮ್ಮಂಥ ರಸಾಯನದ ಮೇಷ್ಟರುಗಳಿಗೆ ಸ್ವಲ್ಪ ಹೆಮ್ಮೆಯಾಗುವುದು ಸಹಜ.

ಪುನಃ ಎದೆಗೆ ಬರುವುದಾದರೆ, ಯಾವ ಮದ್ದೆಂಬುದಕ್ಕಿಂತ ಉಸಿರನ್ನು ಹೇಗೆ ಕೊಡುತ್ತಾರೆಂಬುದೇ ದೊಡ್ಡದೆಂದು ನಮಗೆ ತೋರುತ್ತದೆ. ಒಂದು ಕಾಲದಲ್ಲಿ ಯಂತ್ರದಿಂದ ದೊಡ್ಡ ದೊಡ್ಡ ಉಸಿರುಗಳನ್ನು ತುಂಬುವುದು ಪದ್ಧತಿಯಾಗಿತ್ತು. ಮುಚ್ಚಿದ ಕೋಶಗಳು ತೆರೆದುಕೊಳ್ಳಲೆಂಬುದು ಉದ್ದೇಶ. ಆದರೆ ಆ ಗಾಳಿಯು ತೆರೆದಿರುವ ಕೋಶಗಳಿಗೇ ನುಗ್ಗಿ ಅವನ್ನು ಹಿಗ್ಗಿಸುತ್ತದೆ. ಹಿಗ್ಗಿದ ಕೋಶಗಳು ಗಾಯಗೊಂಡಂತೆ ಉರಿಯೂತವನ್ನೆಬ್ಬಿಸುತ್ತವೆ. ಫ್ರಾನ್ಸಿನಲ್ಲಿ ಅನ್ನನಾಳದ ಅರ್ಬುದವನ್ನು ತೆಗೆಸಿಕೊಂಡ 52 ಮಂದಿಯನ್ನು ಕುರಿತ ವರದಿಯು 2006ರಲ್ಲಿ ಬಂದಿತು. ಒಂದೇ ಶ್ವಾಸಕೋಶದಿಂದ ಉಸಿರಾಡಿಸುವಾಗ ದೇಹದ ತೂಕದ ಕಿಲೋಗ್ರಾಮಿಗೆ 9 ಮಿಲಿಲೀಟರಿಗೆ ಬದಲು 5ರಂತೆ ಕೊಟ್ಟು, ಉಸಿರಿನ ಕೊನೆಯಲ್ಲಿ ಸ್ವಲ್ಪ ಒತ್ತಡವನ್ನು ಉಳಿಸಿಕೊಂಡಾಗ ರಕ್ತದಲ್ಲಿನ ಉರಿಯೂತದ ದ್ರವ್ಯಗಳು ಇಳಿದುವು. ಆಮ್ಲಜನಕದ ಮಟ್ಟವು ಮೇಲಾಯಿತು. ಅದೇ ದೇಶದಲ್ಲಿ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗೊಳಗಾದ 400 ಮಂದಿಯ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ದೊಡ್ಡ ಉಸಿರು ಪಡೆದವರಲ್ಲಿ ನೂರಕ್ಕೆ 27.5 ಮಂದಿಗೆ ದೊಡ್ಡ ತೊಡಕುಗಳಾದರೆ, ಚಿಕ್ಕ ಉಸಿರು, ಉಳಿಸಿದ ಒತ್ತಡ, ಅರ್ಧ ಗಂಟೆಗೊಮ್ಮೆ ಮೆಲ್ಲನೆ ಎದೆಯನ್ನು ಅರಳಿಸುವುದು ಎಂಬ ಕ್ರಮವನ್ನು ಅನುಸರಿಸಿದವರಲ್ಲಿ 10.5 ಮಾತ್ರ. ಮದ್ದನ್ನು ಬದಲಿಸಿದ್ದರಿಂದ ಇಷ್ಟು ಅಂತರವು ಬಂದ ಉದಾಹರಣೆಯನ್ನು ನಾವು ಕಂಡಿಲ್ಲ. ಈ ಲೆಕ್ಕದಲ್ಲಿ ತೂಕವೆಂದರೆ ತಕ್ಕಡಿಯ ತೂಕವಲ್ಲ, ಎತ್ತರಕ್ಕೆ ತಕ್ಕ ತೂಕ. ಮನುಷ್ಯನು ದಪ್ಪಗಾದ ಮಾತ್ರಕ್ಕೆ ಅವನ ಶ್ವಾಸಕೋಶವು ಬೆಳೆಯುವುದಿಲ್ಲವಷ್ಟೆ.

ಮೇಜಿನಿಂದಿಳಿದ ಮೇಲಣ ಮೂರು ನಾಲ್ಕು ದಿನಗಳೇ ಎದೆಗೆ ಕಠಿನವಾದವು. ಅರಿವಳಿಕೆಯು ಶ್ವಾಸನಾಳದ ಒಳಪೊರೆಯಲ್ಲಿ ಕಫವನ್ನು ಮೇಲಕ್ಕೆ ಗುಡಿಸುವ ನವಿರುಗಳನ್ನು ಮಂಕುಮಾಡಿರುತ್ತದೆ. ಅಫೀಮಿನ ಜಾತಿಯ ಮದ್ದು ಕೆಮ್ಮನ್ನು ತಗ್ಗಿಸುತ್ತದೆ. ಹೊಟ್ಟೆಯ ಮೇಲ್ಭಾಗದಲ್ಲಿ ಗಾಯವಿದ್ದರೆ ನೋವಿಗಂಜಿ ರೋಗಿಯು ಆಳವಾಗಿ ಉಸಿರೆಳೆಯುವುದೇ ಇಲ್ಲ. ಕಫವು ನಿಂತ ಕಡೆ ಸೋಂಕು ಸೇರುತ್ತದೆ. ಆದುದರಿಂದ ಬೆನ್ನಿನಲ್ಲಿ ಸಣ್ಣ ನಾಳವನ್ನಿಟ್ಟು ನೋವನ್ನು ತಗ್ಗಿಸುವುದೂ, ಮರುದಿನವೇ ಕೂರಿಸಿ ನಿಲ್ಲಿಸುವುದೂ ಕ್ರೌರ್ಯವಲ್ಲ. “ನಿನ್ನೆ ತಾನೇ ಆಪರೇಷನ್ ಆಗಿದೆ, ಅಪ್ಪನನ್ನು ಇವತ್ತೇ ನಡೆಸುತ್ತೀರಾ?” ಎಂದು ದಾದಿಯರ ಮೇಲೆ ಕೋಪಿಸಿಕೊಳ್ಳುವ ಮಕ್ಕಳು ಇದನ್ನು ತಿಳಿದಿರುವುದು ಒಳ್ಳೆಯದು.

ಮುಂಚಿತವಾಗಿ ಮಾಡತಕ್ಕದ್ದೂ ಉಂಟು. ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ ಹೊಟ್ಟೆಯ ಮೇಲ್ಭಾಗದ ಶಸ್ತ್ರಚಿಕಿತ್ಸೆಗೆ ಕಾದಿದ್ದ 441 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ಒಂದೇ ಒಂದು ಸಲ, ಅರ್ಧ ಗಂಟೆಯ ಕಾಲ, ಆಳವಾಗಿ ಉಸಿರೆಳೆಯುವ ಕ್ರಮವನ್ನೂ ಅದರ ಕಾರಣವನ್ನೂ ತಜ್ಞರು ಹೇಳಿಕೊಟ್ಟರು. ಉಳಿದವರಿಗೆ ಒಂದು ಹಾಳೆಯನ್ನು ಮಾತ್ರ ಕೊಟ್ಟರು. 2018ರಲ್ಲಿ ಪ್ರಕಟವಾದ ಫಲದಲ್ಲಿ ಶ್ವಾಸಕೋಶದ ತೊಡಕುಗಳು ಹಾಳೆಯವರಲ್ಲಿ ನೂರಕ್ಕೆ 27, ಹೇಳಿಸಿಕೊಂಡವರಲ್ಲಿ 12. ಪಾಠ ಹೇಳುವುದೇ ವೃತ್ತಿಯಾದ ನಮಗೆ ಈ ಅಂಕಿಗಳು ಎಷ್ಟು ಹಿತವಾದುವೆಂಬುದನ್ನು ಹೇಳಬೇಕಾಗಿಲ್ಲ. ಬೀಡಿ, ಸಿಗರೇಟುಗಳನ್ನು ನಾಲ್ಕು ವಾರ ಮೊದಲೇ ಬಿಟ್ಟರೆ ಬಹಳ ಮೇಲು. ಅಷ್ಟು ಕಾಲವಿಲ್ಲದಿದ್ದರೆ ಒಂದು ದಿನ ಬಿಟ್ಟರೂ ರಕ್ತದಲ್ಲಿನ ಇಂಗಾಲದ ವಿಷಾನಿಲವು ಇಳಿದು ಆಮ್ಲಜನಕಕ್ಕೆ ಎಡೆಯಾಗುತ್ತದೆ.

ಶಸ್ತ್ರಚಿಕಿತ್ಸೆಗೆ ಮೊದಲು ಅರಿವಳಿಕೆಯ ವೈದ್ಯರು ಬಂದು ಹತ್ತೆಂಟು ಪ್ರಶ್ನೆಗಳನ್ನು ಕೇಳುತ್ತಾರೆ. “ಏನು ಕೆಲಸ ಮಾಡುತ್ತಿದ್ದಿರಿ?” ಎಂಬುದಕ್ಕೆ “ರಿಟೈರಾಗಿದ್ದೇನೆ” ಎಂದಷ್ಟೇ ಹೇಳಿ ಸುಮ್ಮನಾಗುವುದು ನಮ್ಮವರ ವಾಡಿಕೆ. ಗಣಿಯಲ್ಲಿ ಎಷ್ಟು ವರ್ಷ, ನೆಲದ ಕೆಳಗೋ ಮೇಲೋ, ಬಂಡೆ ಕೊರೆಯುವ ಕೆಲಸವೋ ಬೇರೆಯದೋ, ಕ್ಷಯಕ್ಕೆ ಎಂದಾದರೂ ಔಷಧ ತೆಗೆದುಕೊಂಡುದುಂಟೋ, ಈಗ ಎಷ್ಟು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂಬುವನ್ನು ಬಿಡಿಸಿ ಹೇಳಬೇಕು. ಉಸಿರಿನ ಪರೀಕ್ಷೆ, ಹೃದಯದ ಬಲಭಾಗದ ಪರೀಕ್ಷೆ, ಯಂತ್ರದ ಉಸಿರಿನ ಅಳತೆ, ನೋವಿಗೆ ಬೆನ್ನಿನ ನಾಳ ಬೇಕೋ ಬೇಡವೋ ಎಂಬ ಆಲೋಚನೆ, ಇವೆಲ್ಲವೂ ಆ ಉತ್ತರದ ಮೇಲೆ ನಿಂತಿವೆ. ಹತ್ತು ವರ್ಷದ ಹಿಂದೆ ತೆಗೆಸಿದ ಎದೆಯ ಎಕ್ಸ್-ರೇ ಚಿತ್ರವು ಮನೆಯಲ್ಲಿ ಎಲ್ಲಿಯಾದರೂ ಇದ್ದರೆ ಅದನ್ನೂ ಜೊತೆಗೆ ತರಬೇಕು. ಈಗಿನ ಚಿತ್ರದಲ್ಲಿ ಕಾಣುವ ಮಚ್ಚೆಯು ಹಳೆಯ ಧೂಳಿನ ಗಂಟೋ ಹೊಸ ಗಂತಿಯೋ ಎಂಬುದನ್ನು ವೈದ್ಯರು ಅವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತಾರೆ.